ಸಚಿವರ ಉತ್ತರದಲ್ಲಿರುವ ಜನಸಂಖ್ಯೆ ಯಾವ ವರ್ಷದ್ದು?

ಪ್ರಶ್ನೆ: ಹೇಮಾವತಿ ದಡ

ಎಲ್ಲರಿಗೂ ನಮಸ್ಕಾರ.

ನಮ್ಮ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಸುಮಾರು ಇಪ್ಪತ್ತು ಮಂದಿ ಪ್ರತಿ ಭಾನುವಾರ ಸೇರುತ್ತಾರೆ. ಅವರಿಗೆ ಸಾರ್ವಜನಿಕ ಹಣಕಾಸಿನ ಭಾಗವನ್ನು ಹೇಳಿಕೊಡುವ ಹೊಣೆಯನ್ನು ನಾನು ಹೊತ್ತಿದ್ದೇನೆ. ಗೈಡುಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಲೋಕಸಭೆ, ರಾಜ್ಯಸಭೆ ಮತ್ತು ನಮ್ಮ ವಿಧಾನಮಂಡಲದಲ್ಲಿ ಹಣಕಾಸು ಸಚಿವರು ಕೊಟ್ಟಿರುವ ಉತ್ತರಗಳನ್ನೇ ಮುಂದಿಟ್ಟುಕೊಂಡು ಓದಿಸುವುದು ಮೇಲು ಎಂದು ಈ ಬಾರಿ ಹಾಗೆಯೇ ಆರಂಭಿಸಿದೆ. ಆದರೆ ಎರಡನೆಯ ವಾರಕ್ಕೇ ನಾನು ಉತ್ತರಿಸಲಾಗದ ಪ್ರಶ್ನೆಗಳು ಎದುರಾಗಿವೆ.

ಮೊದಲನೆಯದು ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವುದಕ್ಕೆ ಸಂಬಂಧಿಸಿದ್ದು, ಯಾವ ರಾಜ್ಯಕ್ಕೆ ಎಷ್ಟು ಪಾಲೆಂದು ಸೂಚಿಸುವುದು ಹಣಕಾಸು ಆಯೋಗ. ಹದಿನಾಲ್ಕನೆಯ ಹಣಕಾಸು ಆಯೋಗದ ಅವಧಿಯಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, ಹದಿನೈದನೆಯ ಆಯೋಗದ ಅವಧಿಯಲ್ಲಿ ಅದು ಶೇ 3.647ಕ್ಕೆ ಇಳಿಯಿತು. ರಾಜ್ಯ ಸರ್ಕಾರ ಇದನ್ನು ಅನ್ಯಾಯವೆಂದು ಹೇಳಿ 2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ನಡೆಸಿತು. ಅದೇ ವಾರ ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಲೋಕಸಭೆಯಲ್ಲಿ, ಹಂಚಿಕೆ ನಡೆಯುವುದು ಹಣಕಾಸು ಆಯೋಗದ ಶಿಫಾರಸಿನಂತೆಯೇ ಹೊರತು ಅದನ್ನು ತಮ್ಮ ಇಚ್ಛೆಯಂತೆ ಬದಲಿಸಲು ಬರುವುದಿಲ್ಲವೆಂದು ವಿವರಿಸಿದರು. ಕೇಂದ್ರದವರು ರೂಪಾಯಿ ಲೆಕ್ಕದಲ್ಲಿ ಹಿಂದಿಗಿಂತ ಹೆಚ್ಚು ಬಂದಿದೆ ಎನ್ನುತ್ತಾರೆ, ರಾಜ್ಯದವರು ಶೇಕಡಾವಾರು ಕಡಿಮೆಯಾಗಿದೆ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಜನಸಂಖ್ಯೆಯ ಪ್ರಸ್ತಾಪ ಬರುತ್ತದೆ. ಜನಸಂಖ್ಯೆಯನ್ನು ನಿಯಂತ್ರಿಸಿದ್ದಕ್ಕಾಗಿಯೇ ನಮಗೆ ಈ ಶಿಕ್ಷೆ ಎಂಬ ಮಾತನ್ನು ನಾನೂ ತರಗತಿಯಲ್ಲಿ ಹೇಳಿದ್ದೆ. ಅದು ಎಷ್ಟರ ಮಟ್ಟಿಗೆ ನಿಜ?

ಎರಡನೆಯದು ತಲಾ ವೆಚ್ಚದ ಲೆಕ್ಕ. 2025ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯದ 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಇದನ್ನು 2011ರ ಜನಗಣತಿಯ 6.11 ಕೋಟಿಯಿಂದ ಭಾಗಿಸಿದರೆ ತಲಾ ಸುಮಾರು 67,000 ರೂಪಾಯಿ ಬರುತ್ತದೆ. 2021ಕ್ಕೆ ಅಂದಾಜಿಸಿರುವ ಸುಮಾರು 6.7 ಕೋಟಿಯಿಂದ ಭಾಗಿಸಿದರೆ 61,000ದ ಆಸುಪಾಸಿಗೆ ಇಳಿಯುತ್ತದೆ. ಹಣ ಒಂದೇ ಆಗಿದ್ದರೂ ಒಬ್ಬ ವ್ಯಕ್ತಿಯ ಲೆಕ್ಕದಲ್ಲಿ ಆರು ಸಾವಿರದಷ್ಟು ವ್ಯತ್ಯಾಸ. ಆಗ ಹುಡುಗಿಯೊಬ್ಬಳು, “ಸರ್, ಉತ್ತರದಲ್ಲಿ ತಲಾ ಎಂದು ಬರೆದಿದ್ದಾರೆ, ಆದರೆ ಎಷ್ಟು ತಲೆಗಳಿಂದ ಭಾಗಿಸಿದ್ದಾರೆ ಎಂದು ಎಲ್ಲೂ ಬರೆದಿಲ್ಲವಲ್ಲ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇಂತಹ ಉತ್ತರಗಳನ್ನು ಓದುವ ಕ್ರಮವನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ. ಯಾವ ಪಕ್ಷ ಸರಿ ಎಂಬ ಚರ್ಚೆ ನನಗೆ ಬೇಕಾಗಿಲ್ಲ. ಲೆಕ್ಕ ಅರ್ಥವಾದರೆ ಸಾಕು.

ಉತ್ತರ: ನಿವೃತ್ತ ಲೆಕ್ಕಿಗ

ಮಾನ್ಯರೇ, ನಾನು ಮೂವತ್ತೊಂದು ವರ್ಷ ಸರ್ಕಾರಿ ಲೆಕ್ಕಪತ್ರಗಳ ನಡುವೆಯೇ ಕೆಲಸ ಮಾಡಿದವನು. ನಿಮ್ಮ ವಿದ್ಯಾರ್ಥಿನಿ ಕೇಳಿರುವ ಪ್ರಶ್ನೆಯನ್ನು ಸದನದಲ್ಲಿ ಕುಳಿತವರು ಇನ್ನೂ ಹೆಚ್ಚು ಬಾರಿ ಕೇಳಬೇಕಿತ್ತೆಂದು ನನಗೆ ಬಹಳ ಸಲ ಅನ್ನಿಸಿದೆ. ವೆಚ್ಚದ ಕುರಿತ ಉತ್ತರದಲ್ಲಿ ನಾವು ಮೇಲಿನ ಅಂಕಿಯನ್ನು, ಅಂದರೆ ಹಣವನ್ನು, ಮಾತ್ರ ನೋಡುತ್ತೇವೆ. ಕೆಳಗಿನ ಅಂಕಿಯಾದ ಛೇದ ಯಾವುದು ಮತ್ತು ಯಾವ ವರ್ಷದ್ದು ಎಂಬುದನ್ನು ಗಮನಿಸುವುದಿಲ್ಲ. ಕೊಟ್ಟ ಮೊತ್ತ ನೂರಕ್ಕೆ ನೂರು ನಿಜವಿದ್ದರೂ ಛೇದ ಹಳೆಯದಾಗಿದ್ದರೆ ಉತ್ತರದ ಅರ್ಥವೇ ಬೇರೆಯಾಗುತ್ತದೆ.

ಮೊದಲು ತೆರಿಗೆ ಹಂಚಿಕೆಯ ವಿಷಯ. ಸಂವಿಧಾನದ 280ನೆಯ ವಿಧಿಯಂತೆ ರಾಷ್ಟ್ರಪತಿಗಳು ಹಣಕಾಸು ಆಯೋಗವನ್ನು ರಚಿಸುತ್ತಾರೆ. ಹದಿಮೂರನೆಯ ಆಯೋಗದ ವರೆಗೂ ಜನಸಂಖ್ಯೆ ಎಂದರೆ 1971ರ ಜನಸಂಖ್ಯೆಯೇ ಆಗಿತ್ತು. ಕುಟುಂಬ ಯೋಜನೆಯನ್ನು ಚೆನ್ನಾಗಿ ನಡೆಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂಬುದು ಅದರ ಹಿಂದಿನ ಆಶಯ. ವೈ.ವಿ. ರೆಡ್ಡಿಯವರ ಅಧ್ಯಕ್ಷತೆಯ ಹದಿನಾಲ್ಕನೆಯ ಆಯೋಗ 1971ರ ಜನಸಂಖ್ಯೆಗೆ ಶೇ 17.5, 2011ರ ಜನಸಂಖ್ಯೆಗೆ ಶೇ 10 ತೂಕ ಕೊಟ್ಟಿತು. ಎನ್.ಕೆ. ಸಿಂಗ್ ಅವರ ಹದಿನೈದನೆಯ ಆಯೋಗಕ್ಕಾದರೋ 2011ರ ಅಂಕಿಯನ್ನೇ ಬಳಸಬೇಕೆಂದು ಅದನ್ನು ರಚಿಸಿದ 2017ರ ನವೆಂಬರ್‌ನ ಆದೇಶದಲ್ಲಿಯೇ ಸೂಚಿಸಲಾಗಿತ್ತು. ಅದು 2011ರ ಜನಸಂಖ್ಯೆಗೆ ಶೇ 15 ತೂಕ ಇಟ್ಟು, ಜನಸಂಖ್ಯಾ ಸಾಧನೆ ಎಂಬ ಹೊಸ ಮಾನದಂಡಕ್ಕೆ ಶೇ 12.5 ಕೊಟ್ಟಿತು. ಹಳೆಯ ಆಯೋಗದ 17.5 ಮತ್ತು 10 ಸೇರಿದರೆ 27.5, ಹೊಸ ಆಯೋಗದ 15 ಮತ್ತು 12.5 ಸೇರಿದರೂ 27.5. ಆ ಹೊಸ ಮಾನದಂಡವನ್ನು ಲೆಕ್ಕ ಹಾಕಿದ್ದು ಫಲವತ್ತತೆ ದರದ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳೆಂಬ ಅಂಕಿಯ, ವಿಲೋಮವನ್ನು 1971ರ ಜನಸಂಖ್ಯೆಯೊಂದಿಗೆ ಗುಣಿಸಿ. ಅಂದರೆ 1971 ಪೂರ್ಣವಾಗಿ ಹೊರಟುಹೋಗಲಿಲ್ಲ, ಒಳಗಿನ ಕೋಣೆಗೆ ಸರಿಯಿತು.

ಈಗ ನಿಮ್ಮ ತರಗತಿಯಲ್ಲಿ ಬಂದ ಮಾತನ್ನು ಲೆಕ್ಕಕ್ಕೆ ಒಡ್ಡೋಣ. 1971ರಲ್ಲಿ ಕರ್ನಾಟಕದ ಜನಸಂಖ್ಯೆ 2.93 ಕೋಟಿ, ದೇಶದ್ದು 54.8 ಕೋಟಿ, ಹಾಗಾಗಿ ನಮ್ಮ ಪಾಲು ಸುಮಾರು ಶೇ 5.35. 2011ರಲ್ಲಿ ನಾವು 6.11 ಕೋಟಿ, ದೇಶ 121.1 ಕೋಟಿ, ಪಾಲು ಸುಮಾರು ಶೇ 5.05. ಹಳೆಯ ಆಯೋಗದ 17.5ರ ತೂಕವನ್ನು ಹಾಗೆಯೇ ಇಟ್ಟು 1971ರ ಬದಲು 2011ನ್ನು ಬಳಸಿದ್ದರೆ ನಾವು ಕಳೆದುಕೊಳ್ಳುತ್ತಿದ್ದುದು ಒಂದು ಶೇಕಡಾ ಅಂಶದ ಇಪ್ಪತ್ತನೇ ಒಂದು ಭಾಗದಷ್ಟು, ಅಂದರೆ 0.05. ನಾವು ವಾಸ್ತವವಾಗಿ ಕಳೆದುಕೊಂಡದ್ದು 1.066. ಕೇರಳದ ಕಥೆ ಬೇರೆ. ಅವರ ಪಾಲು 1971ರಲ್ಲಿ ಸುಮಾರು ಶೇ 3.9 ಇದ್ದದ್ದು 2011ರಲ್ಲಿ ಶೇ 2.76ಕ್ಕೆ ಇಳಿದಿತ್ತು. ಅದೇ ಕ್ರಮದಲ್ಲಿ ಲೆಕ್ಕ ಹಾಕಿದರೆ ಅವರಿಗೆ ಆದ 0.575ರ ಇಳಿಕೆಯಲ್ಲಿ ಮೂರನೇ ಒಂದು ಭಾಗಕ್ಕೆ ಜನಸಂಖ್ಯೆಯ ವರ್ಷ ಬದಲಾದದ್ದೇ ಕಾರಣವೆನ್ನಬಹುದು. ಕೇಂದ್ರಾಡಳಿತ ಪ್ರದೇಶಗಳನ್ನು ಬಿಡದೆ ಹಾಕಿದ ಸ್ಥೂಲ ಲೆಕ್ಕವಿದು, ಆದರೂ ದಿಕ್ಕು ತಪ್ಪುವುದಿಲ್ಲ. ಜನಸಂಖ್ಯೆ ನಿಯಂತ್ರಿಸಿದ್ದಕ್ಕೆ ಶಿಕ್ಷೆ ಎಂಬ ವಾದ ಕೇರಳಕ್ಕೆ ಹೊಂದಿಕೊಳ್ಳುವಷ್ಟು ಕರ್ನಾಟಕಕ್ಕೆ ಹೊಂದಿಕೊಳ್ಳುವುದಿಲ್ಲ.

ಹಾಗಾದರೆ ನಮ್ಮ ಪಾಲು ಕರಗಿದ್ದು ಎಲ್ಲಿ? ಬಹುಪಾಲು ಆದಾಯದ ಅಂತರ ಎಂಬ ಮಾನದಂಡದಲ್ಲಿ, ಹದಿನೈದನೆಯ ಆಯೋಗದಲ್ಲಿ ಅದರ ತೂಕ ಶೇ 45 ಇತ್ತು. ತಲಾ ಆದಾಯದಲ್ಲಿ ಮುಂಚೂಣಿಯಲ್ಲಿರುವ ರಾಜ್ಯಕ್ಕೂ ಒಂದು ರಾಜ್ಯಕ್ಕೂ ಇರುವ ಅಂತರವನ್ನು ಆ ರಾಜ್ಯದ ಜನಸಂಖ್ಯೆಯಿಂದ ಗುಣಿಸಿ ಪಾಲು ನಿಗದಿಮಾಡುತ್ತಾರೆ. ನಮ್ಮ ರಾಜ್ಯದ ತಲಾ ಉತ್ಪನ್ನ ಏರಿದಂತೆ ಆ ಅಂತರ ಕುಗ್ಗಿತು, ಪಾಲೂ ಕುಗ್ಗಿತು. ಇಲ್ಲಿ ಜನಸಂಖ್ಯೆ ಎರಡು ಸಲ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಿ: ತಲಾ ಆದಾಯದ ಛೇದದಲ್ಲಿ ಒಮ್ಮೆ, ಗುಣಕವಾಗಿ ಇನ್ನೊಮ್ಮೆ. ಕಾಗದದ ಮೇಲೆ ಜನಸಂಖ್ಯೆಗೆ ಕೇವಲ 15 ಎಂದು ಬರೆದಿದ್ದರೂ ಅದರ ಪ್ರಭಾವ ಅಷ್ಟಕ್ಕೇ ನಿಲ್ಲುವುದಿಲ್ಲ.

ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. 2024ರ ಜುಲೈನಲ್ಲಿ ಮಂಡಿಸಿದ ಕೇಂದ್ರದ ಆಯವ್ಯಯದಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಸುಮಾರು 12.47 ಲಕ್ಷ ಕೋಟಿ ರೂಪಾಯಿ ಹಂಚಿಕೆಯ ಅಂದಾಜಿತ್ತು. ಶೇ 3.647ರಂತೆ ಕರ್ನಾಟಕಕ್ಕೆ ಸುಮಾರು 45,500 ಕೋಟಿ. ಹಳೆಯ 4.713 ಇದ್ದಿದ್ದರೆ ಅದು 58,800 ಕೋಟಿಯ ಹತ್ತಿರ ಇರುತ್ತಿತ್ತು. ರೂಪಾಯಿ ಮೊತ್ತ ಹಿಂದಿನ ದಶಕಕ್ಕಿಂತ ಹೆಚ್ಚಾಗಿದೆ ಎಂಬ ಉತ್ತರವೂ ನಿಜ, ಪಾಲು ಇಳಿದಿದೆ ಎಂಬ ದೂರೂ ನಿಜ. ದೇಶದ ಒಟ್ಟು ತೆರಿಗೆಯೇ ಬೆಳೆಯುತ್ತಿರುವಾಗ ಹತ್ತು ವರ್ಷಗಳ ಮೊತ್ತವನ್ನು ಅದರ ಹಿಂದಿನ ಹತ್ತು ವರ್ಷಗಳ ಮೊತ್ತದೊಂದಿಗೆ ಹೋಲಿಸಿದರೆ ಯಾವ ಸರ್ಕಾರವಿದ್ದರೂ ಹೆಚ್ಚಳವೇ ಕಾಣುತ್ತದೆ. ಬೆಲೆಯೇರಿಕೆಯನ್ನು ಕಳೆದು, ಜನಸಂಖ್ಯೆಯಿಂದ ಭಾಗಿಸಿ ಕೊಡಿ ಎಂದು ಸದಸ್ಯರು ಕೇಳಿದರೆ ಮಾತ್ರ ಉತ್ತರಕ್ಕೆ ಬೆಲೆ ಬರುತ್ತದೆ.

ಇನ್ನೊಂದು ಮಾತು. ತೆರಿಗೆಯ ಮೇಲೆ ಹೆಚ್ಚುವರಿಯಾಗಿ ವಿಧಿಸುವ ಸೆಸ್ ಮತ್ತು ಸರ್‌ಚಾರ್ಜ್‌ಗಳು ಸಂವಿಧಾನದ 270ನೆಯ ವಿಧಿಯಂತೆ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೊತ್ತಕ್ಕೆ ಸೇರುವುದಿಲ್ಲ. 2020-21ರಲ್ಲಿ ಇವು ಕೇಂದ್ರದ ಒಟ್ಟು ತೆರಿಗೆಯ ಐದನೇ ಒಂದು ಭಾಗದಷ್ಟಿದ್ದವು. ಆದ್ದರಿಂದ ಕೇಂದ್ರದ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೆ ಸೇರಿ ಶೇ 41 ಹಂಚಿಕೆ ಎಂಬ ಉತ್ತರವನ್ನು ಓದುವಾಗ, ಯಾವುದರಲ್ಲಿ ಶೇ 41 ಎಂದು ಕೇಳುವುದನ್ನೂ ಕಲಿಸಿ. ಹಾಗೆಯೇ ಹದಿನೈದನೆಯ ಆಯೋಗ ತನ್ನ ಮಧ್ಯಂತರ ವರದಿಯಲ್ಲಿ 2020-21ನೇ ಸಾಲಿಗೆ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿಗಳ ವಿಶೇಷ ಅನುದಾನವನ್ನು ಸೂಚಿಸಿತ್ತು. ಕೇಂದ್ರ ಅದನ್ನು ಒಪ್ಪದೆ ಮರುಪರಿಶೀಲನೆಗೆ ಕೋರಿತು, ಅಂತಿಮ ವರದಿಯಲ್ಲಿ ಆ ಶಿಫಾರಸು ಇಲ್ಲ. ಆಯೋಗ ಹೇಳಿದ್ದನ್ನೆಲ್ಲ ಕೊಟ್ಟಿದ್ದೇವೆ ಎಂಬ ಉತ್ತರವನ್ನೂ, ಆಯೋಗ ಹೇಳಿದ್ದನ್ನು ಕೊಡಲಿಲ್ಲ ಎಂಬ ಆರೋಪವನ್ನೂ ಓದುವಾಗ ಯಾವ ವರದಿಯ ಮಾತೆಂದು ನೋಡಬೇಕು.

ಉತ್ತರ: ಎಡದಂಡೆ ಮೇಷ್ಟ್ರು

ಲೆಕ್ಕಿಗರು ಬರೆದದ್ದನ್ನು ಎರಡು ಬಾರಿ ಓದಿದೆ. ನಾನು ರಾಯಚೂರು ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕ. ಸಚಿವರ ಉತ್ತರಗಳಲ್ಲಿ ಇಂದಿಗೂ ಆಧಾರವಾಗಿರುವ ಆ 2011ರ ಅಂಕಿಯನ್ನು ಮನೆಬಾಗಿಲಿಗೆ ಹೋಗಿ ಬರೆದುಕೊಂಡವರಲ್ಲಿ ನಾನೂ ಒಬ್ಬ. ಆದ್ದರಿಂದ ಛೇದ ಹಳೆಯದು ಎಂಬ ಮಾತಿಗೆ ಇನ್ನೊಂದನ್ನು ಸೇರಿಸಬೇಕೆನಿಸಿತು: ಆ ಅಂಕಿ ಹೊಸದಾಗಿದ್ದ ದಿನವೇ ನಮ್ಮ ಭಾಗದ ಮಟ್ಟಿಗೆ ಪೂರ್ಣವಾಗಿರಲಿಲ್ಲ.

2010ರ ಬೇಸಿಗೆಯಲ್ಲಿ ಮನೆಪಟ್ಟಿ ಮುಗಿಸಿದ್ದೆವು. ಜನರ ಎಣಿಕೆ ನಡೆದದ್ದು 2011ರ ಫೆಬ್ರವರಿ 9ರಿಂದ 28ರ ವರೆಗೆ. 28ರ ರಾತ್ರಿ ಮನೆಯಿಲ್ಲದವರನ್ನು ಬಸ್ ನಿಲ್ದಾಣ, ಗುಡಿಯ ಜಗಲಿ, ಸಂತೆ ಕಟ್ಟೆಗಳಲ್ಲಿ ಎಣಿಸಿ, ಮಾರ್ಚ್ 1ರಿಂದ 5ರ ವರೆಗೆ ಹುಟ್ಟು ಸಾವುಗಳನ್ನು ತಿದ್ದಿಕೊಂಡೆವು. ಮನೆಯೊಂದಕ್ಕೆ 29 ಪ್ರಶ್ನೆಗಳ ನಮೂನೆ. ಒಬ್ಬ ಗಣತಿದಾರನಿಗೆ ಸುಮಾರು ಆರುನೂರು ಜನರ ಒಂದು ಬ್ಲಾಕು. ಕೆಲಸ ಕಷ್ಟವೇನಾಗಿರಲಿಲ್ಲ, ಆದರೆ ತಿಂಗಳು ಫೆಬ್ರವರಿ. ನಮ್ಮಲ್ಲಿ ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ ನೀರಾವರಿಯಿಲ್ಲದ ಊರುಗಳ ಮಂದಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಗೋವಾಕ್ಕೆ, ಮುಂಬೈ ಪುಣೆಗಳಿಗೆ ಗುಳೆ ಹೋಗುತ್ತಾರೆ. ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಮನೆಪಟ್ಟಿಯಲ್ಲಿ ನಾನೇ ಬರೆದಿದ್ದ ಮನೆಗಳಿಗೆ ಫೆಬ್ರವರಿಯಲ್ಲಿ ಹೋದರೆ ಬೀಗ, ಅಥವಾ ಒಬ್ಬ ಅಜ್ಜಿ ಮತ್ತು ಶಾಲೆಗೆಂದು ಬಿಟ್ಟುಹೋದ ಎರಡು ಮಕ್ಕಳು. ಎಣಿಕೆಯ ಇಪ್ಪತ್ತು ದಿನ ಪೂರ್ತಿ ಊರಲ್ಲಿಲ್ಲದವರನ್ನು ಇರುವ ಜಾಗದಲ್ಲೇ ಎಣಿಸಬೇಕೆಂಬುದು ನಿಯಮ, ಅದು ಸರಿಯಾದ ನಿಯಮವೂ ಹೌದು. ಆದರೆ ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುವವರನ್ನು ಅಲ್ಲಿ ಯಾರಾದರೂ ಎಣಿಸಿದರೋ ಎಂದು ಮರಳಿ ಬಂದ ಪೋಷಕರನ್ನು ಜೂನ್‌ನಲ್ಲಿ ಕೇಳಿದಾಗ, ಯಾರೂ ಬಂದಿರಲಿಲ್ಲವೆಂದು ಹೇಳಿದ ಮನೆಗಳು ನನ್ನ ಬ್ಲಾಕಿನಲ್ಲಿಯೇ ಹಲವು. ಆ ಮಾತನ್ನು ಬರೆಯಲು ಆಗ ಯಾವ ನಮೂನೆಯೂ ಉಳಿದಿರಲಿಲ್ಲ.

ಇದರ ಪರಿಣಾಮ ಬೀಳುವುದು ಹಣದ ಮೇಲೆಯೇ. ಹದಿನೈದನೆಯ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚಿದ್ದು ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟು. ಕೆಳಗೆ ಪಂಚಾಯಿತಿಯ ವರೆಗೂ ಜನಸಂಖ್ಯೆಯೇ ಮುಖ್ಯ ಅಳತೆ. ವರ್ಷದ ಎಂಟು ತಿಂಗಳು ಊರಿನಲ್ಲಿದ್ದು ಊರಿನ ನೀರು ಕುಡಿಯುವವರು, ಊರಿನ ಶಾಲೆಗೆ ಮಕ್ಕಳನ್ನು ಕಳುಹಿಸುವವರು, ಎಣಿಕೆಯ ತಿಂಗಳಲ್ಲಿ ಮಾತ್ರ ಇಲ್ಲದಿದ್ದರೆ ಹತ್ತಾರು ವರ್ಷ ಅವರ ಪಾಲಿನ ಹಣ ಆ ಊರಿಗೆ ಬರುವುದಿಲ್ಲ. 2025ರ ಜೂನ್ 16ರ ಅಧಿಸೂಚನೆಯಂತೆ ಮುಂದಿನ ಜನಗಣತಿಯ ಆಧಾರದ ಕ್ಷಣ 2027ರ ಮಾರ್ಚ್ 1ರ ಮಧ್ಯರಾತ್ರಿ. ಅಂದರೆ ಎಣಿಕೆ ಮತ್ತೆ ಫೆಬ್ರವರಿಯಲ್ಲಿ, ಮತ್ತೆ ಗುಳೆಯ ಕಾಲದಲ್ಲಿ. ಹಿಮ ಬೀಳುವ ಪ್ರದೇಶಗಳಿಗೆ ಅಲ್ಲಿನ ಹವಾಮಾನ ನೋಡಿ 2026ರ ಅಕ್ಟೋಬರ್ 1ನ್ನು ಗೊತ್ತುಮಾಡಿದ್ದಾರೆ. ನಮ್ಮ ಬಿಸಿಲಿನ ಊರುಗಳಿಗೆ ಬೇರೆ ದಿನಾಂಕ ಕೊಡದಿದ್ದರೂ, ದುಡಿಯಲು ಹೋದ ಜಾಗದಲ್ಲಿ ಅವರನ್ನು ಬಿಡದೆ ಎಣಿಸುವ ಏರ್ಪಾಡಾದರೂ ಆಗಬೇಕು.

ಲೆಕ್ಕಿಗರ ಒಂದು ಮಾತಿನ ಬಗ್ಗೆ ಮಾತ್ರ ನನ್ನ ತಕರಾರಿದೆ. ಕರ್ನಾಟಕದ ತಲಾ ಉತ್ಪನ್ನ ಏರಿದ್ದರಿಂದ ಪಾಲು ಕುಗ್ಗಿತು ಎಂದು ಅವರು ಬರೆದು ಮುಂದೆ ಹೋಗಿದ್ದಾರೆ. ಆ ಸರಾಸರಿಯನ್ನು ಮೇಲಕ್ಕೆತ್ತಿದ್ದು ಬೆಂಗಳೂರು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತ್ತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ದೆಹಲಿಯಲ್ಲಿ ರಾಜ್ಯದ ಸರಾಸರಿಯಿಂದ ನಮಗೆ ಅನ್ಯಾಯವಾಯಿತೆಂದು ವಾದಿಸುವ ಯಾವುದೇ ಹಣಕಾಸು ಸಚಿವರು, ಬೆಂಗಳೂರಿಗೆ ಮರಳಿದ ಮೇಲೆ ತಾಲ್ಲೂಕುವಾರು ತಲಾ ವೆಚ್ಚ ಎಷ್ಟೆಂಬ ಪ್ರಶ್ನೆಗೂ ಅಷ್ಟೇ ಸ್ಪಷ್ಟವಾಗಿ ಉತ್ತರಿಸಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಪ್ರತ್ಯೇಕ ಮಂಡಳಿಯಿದೆ, ಅನುದಾನವಿದೆ. ಒದಗಿಸಿದ ಅನುದಾನಕ್ಕೂ ಖರ್ಚಾದ ಹಣಕ್ಕೂ ಇರುವ ಅಂತರವನ್ನು ನಾವು ಪ್ರತಿ ಅಧಿವೇಶನದಲ್ಲೂ ಕೇಳುವಂತಾಗಿದೆ.

ಉತ್ತರ: ಕೆಂಪು ಕಡತ

ನಾನು ಕೆಲವು ವರ್ಷ ವಿಧಾನಮಂಡಲದ ಸದಸ್ಯರೊಬ್ಬರಿಗೆ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಡುವ ಕೆಲಸ ಮಾಡಿದ್ದೇನೆ. ಮೇಷ್ಟ್ರು ಕೊನೆಯಲ್ಲಿ ಹೇಳಿದ ಅಂತರವೇ ನನ್ನ ವಿಷಯ.

ನಮ್ಮ ವಿಧಾನಸಭೆಯ ಉತ್ತರಗಳು ಎರಡು ಅಂಕಣಗಳಲ್ಲಿರುತ್ತವೆ. ಎಡಕ್ಕೆ ‘ಸರ್ಕಾರದ ಗಮನಕ್ಕೆ ಬಂದಿದೆಯೇ?’, ಬಲಕ್ಕೆ ‘ಬಂದಿದೆ’. ಮುಂದಿನ ಸಾಲಿನಲ್ಲಿ ಹಣದ ಮೊತ್ತ, ಅದಕ್ಕೂ ಮುಂದಿನದರಲ್ಲಿ ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’, ಇಲ್ಲವೇ ‘ಉದ್ಭವಿಸುವುದಿಲ್ಲ’. ವಿದ್ಯಾರ್ಥಿಗಳು ಮೊದಲು ಗಮನಿಸಬೇಕಾದದ್ದು ಮೊತ್ತದ ಪಕ್ಕದಲ್ಲಿರುವ ಕ್ರಿಯಾಪದವನ್ನು. ‘ಒದಗಿಸಲಾಗಿದೆ’ ಎಂದರೆ ಆಯವ್ಯಯ ಪುಸ್ತಕದಲ್ಲಿ ಬರೆದಿದ್ದಾರೆ. ‘ಬಿಡುಗಡೆ ಮಾಡಲಾಗಿದೆ’ ಎಂದರೆ ಆರ್ಥಿಕ ಇಲಾಖೆಯಿಂದ ಹೊರಟಿದೆ. ‘ವೆಚ್ಚ ಮಾಡಲಾಗಿದೆ’ ಎಂದರೆ ಲೆಕ್ಕಕ್ಕೆ ಸೇರಿದೆ. ಈ ಮೂರರಲ್ಲಿ ಯಾವುದು ಬೇಕೆಂದು ಪ್ರಶ್ನೆಯಲ್ಲಿ ಹೇಳದಿದ್ದರೆ ಬರುವುದು ಸಾಮಾನ್ಯವಾಗಿ ಮೂರರಲ್ಲಿ ದೊಡ್ಡದಾದ ಅಂಕಿ. ನಾನು ಆರಂಭದಲ್ಲಿ ಬರೆದುಕೊಟ್ಟ ಪ್ರಶ್ನೆಯೊಂದರಲ್ಲಿ ‘ಎಷ್ಟು ಅನುದಾನ ನೀಡಲಾಗಿದೆ’ ಎಂದು ಬರೆದಿದ್ದೆ. ‘ನೀಡಲಾಗಿದೆ’ ಎಂಬ ಪದ ಮೂರಕ್ಕೂ ಸಲ್ಲುವುದರಿಂದ ಬಂದ ಉತ್ತರದಿಂದ ಸದಸ್ಯರಿಗೆ ಏನೂ ಪ್ರಯೋಜನವಾಗಲಿಲ್ಲ. ಆ ತಪ್ಪು ನನ್ನದೇ.

ಜನಸಂಖ್ಯೆ ಮತ್ತು ವೆಚ್ಚ ಕಾನೂನಿನಿಂದಲೇ ಗಂಟುಬಿದ್ದಿರುವ ಒಂದು ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ 2013ರ ಅಧಿನಿಯಮದಂತೆ ಈ ಸಮುದಾಯಗಳ ಜನಸಂಖ್ಯೆಯ ಪ್ರಮಾಣದಲ್ಲಿ ಹಣ ಮೀಸಲಿಡಬೇಕು. 2011ರ ಗಣತಿಯಂತೆ ಪರಿಶಿಷ್ಟ ಜಾತಿಯವರು ಶೇ 17.15, ಪರಿಶಿಷ್ಟ ಪಂಗಡದವರು ಶೇ 6.95, ಒಟ್ಟು ಶೇ 24.1. ಆಗ ಮುಖ್ಯಮಂತ್ರಿಗಳೂ ಹಣಕಾಸು ಸಚಿವರೂ ಆಗಿದ್ದ ಸಿದ್ದರಾಮಯ್ಯನವರು 2025-26ಕ್ಕೆ ಈ ಬಾಬ್ತಿನಲ್ಲಿ 42,018 ಕೋಟಿ ರೂಪಾಯಿಗಳನ್ನು ಘೋಷಿಸಿದರು. ಇದರಲ್ಲಿ ಗ್ಯಾರಂಟಿ ಯೋಜನೆಗಳಿಗೆ ಎಷ್ಟು ಹೋಗುತ್ತದೆ ಎಂಬುದು ಸದನದಲ್ಲಿ ಪದೇ ಪದೇ ಬರುವ ಪ್ರಶ್ನೆ, ಬರಬೇಕಾದ ಪ್ರಶ್ನೆಯೂ ಹೌದು. ಆದರೆ ಆ 24.1 ಎಂಬ ಅಂಕಿ 2011ರಷ್ಟು ಹಳೆಯದು ಎಂಬ ಪ್ರಶ್ನೆ ಅಪರೂಪ.

ಕೇಂದ್ರದಲ್ಲಿ ಇದಕ್ಕೂ ದೊಡ್ಡ ಉದಾಹರಣೆಯೆಂದರೆ ಆಹಾರ ಸಹಾಯಧನ. 2013ರ ಆಹಾರ ಭದ್ರತಾ ಕಾಯ್ದೆ ದೇಶದ ಮೂರನೇ ಎರಡು ಭಾಗದಷ್ಟು ಜನರಿಗೆ ಪಡಿತರದ ಹಕ್ಕು ಕೊಡುತ್ತದೆ. 2011ರ ಲೆಕ್ಕದಲ್ಲಿ ಅದು ಸುಮಾರು 81 ಕೋಟಿ ಜನ. ಕೇಂದ್ರದ ತಾಂತ್ರಿಕ ತಂಡವೇ 2021ಕ್ಕೆ ಅಂದಾಜಿಸಿದ ಸುಮಾರು 136 ಕೋಟಿಗೆ ಅದೇ ಪ್ರಮಾಣ ಹಿಡಿದರೆ 91 ಕೋಟಿ. ಪ್ರಕಟವಾದ ಗಣತಿಯ ಅಂಕಿಯನ್ನೇ ಬಳಸಬೇಕೆಂದು ಕಾಯ್ದೆ ಹೇಳುವುದರಿಂದ ಹತ್ತು ಕೋಟಿಯಷ್ಟು ಜನರ ಲೆಕ್ಕ ಮುಂದಿನ ಗಣತಿಯ ವರೆಗೆ ನಿಂತಿದೆ. ಹೊಸ ಪಡಿತರ ಚೀಟಿಗೆ ಅರ್ಜಿ ಹಾಕಿ ಕಾದವರನ್ನು ನೀವೆಲ್ಲರೂ ನಿಮ್ಮ ಊರುಗಳಲ್ಲಿ ನೋಡಿರುತ್ತೀರಿ.

ಪ್ರಶ್ನೆಯಿಂದ ಏನಾಗುತ್ತದೆ ಎಂದು ವಿದ್ಯಾರ್ಥಿಗಳು ಕೇಳಿದರೆ 1957ರ ಪ್ರಕರಣವನ್ನು ಹೇಳಿ. ಜೀವ ವಿಮಾ ನಿಗಮದ ಹಣ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳಿಗೆ ಹೋದದ್ದನ್ನು ಲೋಕಸಭೆಯಲ್ಲಿ ಫಿರೋಜ್ ಗಾಂಧಿಯವರು ತಮ್ಮದೇ ಪಕ್ಷದ ಸರ್ಕಾರವಿದ್ದರೂ ಬಿಡದೆ ಕೆದಕಿದರು. ಎಂ.ಸಿ. ಛಾಗ್ಲಾ ಅವರ ವಿಚಾರಣೆ ನಡೆದು 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು.

ಹೇಮಾವತಿ ದಡ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮುಂದಿನ ಭಾನುವಾರ ನನ್ನ ತಪ್ಪನ್ನು ತರಗತಿಯಲ್ಲಿ ಒಪ್ಪಿಕೊಂಡು, ಕರ್ನಾಟಕದ 0.05 ಮತ್ತು 1.066ನ್ನು ಹಲಗೆಯ ಮೇಲೆ ಬರೆಯುತ್ತೇನೆ. ಮೇಷ್ಟ್ರು ಬರೆದ ಬೀಗ ಹಾಕಿದ ಮನೆಗಳ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ನಮ್ಮೂರಿನ ಕಾಫಿ ತೋಟದ ಲೈನ್ ಮನೆಗಳಿಗೆ ಅದೇ ತಿಂಗಳು ಹೊರಗಿನಿಂದ ಬಂದು ಇರುವವರನ್ನು ಯಾರು ಎಣಿಸಿದ್ದರೋ ನಾನು ವಿಚಾರಿಸಿದವನೇ ಅಲ್ಲ.

ವಿದ್ಯಾರ್ಥಿಗಳೆಲ್ಲ ಸೇರಿ, ನಮ್ಮ ಸಂಸದರ ಮೂಲಕ ಕೇಂದ್ರ ಹಣಕಾಸು ಸಚಿವರಿಗೆ ಕೇಳಿಸಲೆಂದು ಒಂದು ಕರಡು ಬರೆದಿದ್ದಾರೆ. ತಿದ್ದಿಕೊಡಬೇಕು:

“(ಅ) 2021-22ರಿಂದ ಇಲ್ಲಿಯ ವರೆಗೆ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕಕ್ಕೆ ನೀಡಿದ ಮೊತ್ತವೆಷ್ಟು, (ಆ) ಅದೇ ಅವಧಿಯಲ್ಲಿ ರಾಜ್ಯದಲ್ಲಿ ಸಂಗ್ರಹವಾದ ಸೆಸ್ ಮತ್ತು ಸರ್‌ಚಾರ್ಜ್ ಎಷ್ಟು, (ಇ) ತಲಾ ಲೆಕ್ಕದಲ್ಲಿ ಈ ಮೊತ್ತವೆಷ್ಟು, (ಈ) ಗುಳೆ ಹೋಗುವ ಕಾರ್ಮಿಕರನ್ನು 2027ರ ಜನಗಣತಿಯಲ್ಲಿ ಎಣಿಸಲು ಕೈಗೊಂಡಿರುವ ಕ್ರಮಗಳೇನು?”

ಉತ್ತರ: ಕೆಂಪು ಕಡತ

ಚೆನ್ನಾಗಿದೆ. ನಾಲ್ಕು ತಿದ್ದುಪಡಿಗಳು ಬೇಕು. (ಅ)ದಲ್ಲಿ ‘ನೀಡಿದ’ ತೆಗೆದು ‘ವರ್ಷವಾರು ಬಿಡುಗಡೆ ಮಾಡಿದ’ ಎಂದು ಬರೆಯಿರಿ. (ಆ)ದಲ್ಲಿ ರಾಜ್ಯದಲ್ಲಿ ಸಂಗ್ರಹವಾದದ್ದು ಎಂದು ಕೇಳಿದರೆ ರಾಜ್ಯವಾರು ಲೆಕ್ಕ ಇಡುವುದಿಲ್ಲವೆಂಬ ಉತ್ತರಕ್ಕೆ ದಾರಿಯಾಗುತ್ತದೆ, ‘ದೇಶದ ಒಟ್ಟು ತೆರಿಗೆಯಲ್ಲಿ ಸೆಸ್ ಮತ್ತು ಸರ್‌ಚಾರ್ಜ್‌ಗಳ ಪ್ರಮಾಣ’ ಎಂದು ಕೇಳಿ. (ಇ) ಭಾಗಕ್ಕೆ ‘ಈ ಲೆಕ್ಕದಲ್ಲಿ ಬಳಸಿರುವ ಜನಸಂಖ್ಯೆ ಎಷ್ಟು, ಅದು ಯಾವ ವರ್ಷದ್ದು ಮತ್ತು ಗಣತಿಯದೋ ಅಂದಾಜಿನದೋ’ ಎಂಬುದನ್ನು ಸೇರಿಸಿ, ಏಕೆಂದರೆ ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಅದನ್ನೇ ಮತ್ತು ಕರಡಿನಲ್ಲಿ ಬಿಟ್ಟುಹೋಗಿರುವುದೂ ಅದೇ. (ಈ) ಹಣಕಾಸು ಸಚಿವಾಲಯಕ್ಕೆ ಸೇರಿದ್ದಲ್ಲ, ಜನಗಣತಿ ಗೃಹ ಸಚಿವಾಲಯದ ಅಧೀನದಲ್ಲಿದೆ. ಅದನ್ನು ಪ್ರತ್ಯೇಕ ಪ್ರಶ್ನೆಯಾಗಿ ಬೇರೆ ಹಾಳೆಯಲ್ಲಿ ಬರೆಯಿರಿ, ಮೇಷ್ಟ್ರು ಹೇಳಿದ ಕಟ್ಟಡ ಕಾರ್ಮಿಕರ ಶೆಡ್ಡುಗಳನ್ನು ಹೆಸರಿಸಿಯೇ ಬರೆಯಿರಿ.

ಲೋಕಸಭೆಯಲ್ಲಿ ಪ್ರಶ್ನೆಗೆ ಹದಿನೈದು ಪೂರ್ಣ ದಿನಗಳ ಮುನ್ಸೂಚನೆ ಬೇಕು ಮತ್ತು ಒಂದು ಪ್ರಶ್ನೆ 150 ಪದಗಳನ್ನು ಮೀರುವಂತಿಲ್ಲ. ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ ಇಪ್ಪತ್ತೇ ಆದ್ದರಿಂದ ಚೀಟಿ ಎತ್ತುವಾಗ ಹೆಸರು ಬರದಿರಬಹುದು. ಚುಕ್ಕೆ ರಹಿತ ಪ್ರಶ್ನೆಯಾಗಿ ಕಳುಹಿಸಿದರೂ ಲಿಖಿತ ಉತ್ತರ ಬರುತ್ತದೆ, ನಿಮ್ಮ ತರಗತಿಗೆ ಬೇಕಾಗಿರುವುದೂ ಲಿಖಿತ ಉತ್ತರವೇ. ಸಂಸದರ ಕಚೇರಿಗೆ ಇದೇ ತಿಂಗಳು ತಲುಪಿಸಿ.